ಓವನ್ ಇಲ್ಲ, ಕುಕ್ಕರ್ ಇದೆ. ಮಗನಿಗೆ ಕೋಟೆ ಕೇಕ್ ಬೇಕಂತೆ, ದಾರಿ ಹೇಳಿ

ಸೇಡಂ ರೋಡ್ ಅಮ್ಮ (ಏಪ್ರಿಲ್ 21)

ಎಲ್ಲರಿಗೂ ನಮಸ್ಕಾರ. ಮೇ 18ಕ್ಕೆ ನನ್ನ ಮಗನಿಗೆ ಆರು ವರ್ಷ ತುಂಬುತ್ತೆ. ರಜೆಗೆ ಬೀದರ್‌ಗೆ ಅಜ್ಜಿ ಮನೆಗೆ ಹೋಗಿದ್ದಾಗ ಅವನ ಸೋದರಮಾವ ಕೋಟೆ ತೋರಿಸಿಕೊಂಡು ಬಂದರು. ಅವತ್ತಿನಿಂದ ಒಂದೇ ಹಟ, ಕೋಟೆ ಕೇಕೇ ಬೇಕು. ಅಂಗಡಿಯಲ್ಲಿ ಹೇಳಿ ಮಾಡಿಸಬಹುದು, ಆದರೆ ಈ ಸಲ ನನ್ನ ಕೈಯಾರೆ ಮಾಡಿಕೊಡಬೇಕು ಅಂತ ಬಹಳ ಆಸೆ ಇದೆ.

ನನ್ನ ಹತ್ತಿರ ಇರುವುದು 5 ಲೀಟರ್ ಹಳೆ ಕುಕ್ಕರ್, 7 ಇಂಚಿನ ದುಂಡು ಟಿನ್ ಒಂದು, ಒಂದು ಬಾಗಿಲಿನ ಫ್ರಿಜ್. ಓವನ್ ಇಲ್ಲ. ಇದುವರೆಗೆ ಮಾಡಿದ್ದು ಒಂದೇ ಸಲ, ರವೆ ಕೇಕ್, ಅದೂ ಕ್ರೀಮ್ ಇಲ್ಲದ್ದು. ಅತ್ತೆ ಮೊಟ್ಟೆ ತಿನ್ನಲ್ಲ, ಹಾಗಾಗಿ ಮೊಟ್ಟೆ ಇಲ್ಲದೆ ಆಗಬೇಕು. 15 ಮಕ್ಕಳು, 10 ಜನ ದೊಡ್ಡವರು. ಇನ್ನೊಂದು ಮಾತು, ಕೇಕ್ ಕತ್ತರಿಸುವುದು ಬೀದರ್‌ನಲ್ಲಿ. ನಾವು ಕಲಬುರಗಿಯಿಂದ ಬಸ್ಸಿಗೆ ಹೋಗಬೇಕು, ಮೂರು ಗಂಟೆ ದಾರಿ. ಮೇ ತಿಂಗಳ ಬಿಸಿಲು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ನೋಡಿದ ವಿಡಿಯೋಗಳಲ್ಲೆಲ್ಲ ಚೌಕ ಟಿನ್, ದೊಡ್ಡ ಓವನ್, ಗುಲಾಬಿ ಕ್ರೀಮ್. ನನ್ನ ಅಡುಗೆಮನೆಗೆ ಹೊಂದುವುದು ಒಂದೂ ಸಿಗಲಿಲ್ಲ. ಎಲ್ಲಿಂದ ಶುರು ಮಾಡಲಿ?

ಶಹಾಪುರ ಕೇಕ್ ಅಕ್ಕ

ತಂಗಿ, ಮೊದಲು ಹೆದರಿಕೆ ಬಿಡು. ಕೋಟೆ ಅಂದರೆ ಒಂದು ಚೌಕ, ಮೂಲೆಗೆ ನಾಲ್ಕು ಕಂಬ, ಅಷ್ಟೇ. ನಾನು ಮನೆಯಲ್ಲೇ ಆರ್ಡರ್ ತೆಗೆದುಕೊಂಡು ಮಾಡುತ್ತೇನೆ, ನಾನೂ ಕುಕ್ಕರ್‌ನಲ್ಲೇ ಶುರು ಮಾಡಿದವಳು.

ಆಕಾರ ಕತ್ತರಿಸುವ ಕೇಕ್ ಗಟ್ಟಿ ಇರಬೇಕು. ಹಗುರ ಸ್ಪಂಜ್ ಮಾಡಿದರೆ ಚಾಕು ಇಟ್ಟ ತಕ್ಷಣ ಉದುರುತ್ತೆ, ಮೇಲೆ ಭಾರ ಬಿದ್ದರೆ ಕುಸಿಯುತ್ತೆ. ಮೊಸರು ಹಾಕಿದ ಕೇಕ್ ಇದಕ್ಕೆ ಸರಿ. ಒಂದು ಅಳತೆ ಹೇಳುತ್ತೇನೆ ಬರೆದುಕೋ: ಮೈದಾ ಒಂದೂವರೆ ಕಪ್, ಗಟ್ಟಿ ಮೊಸರು 1 ಕಪ್, ಸಕ್ಕರೆ ಮುಕ್ಕಾಲು ಕಪ್, ವಾಸನೆ ಇಲ್ಲದ ಎಣ್ಣೆ ಅರ್ಧ ಕಪ್, ಬೇಕಿಂಗ್ ಪೌಡರ್ ಒಂದೂಕಾಲು ಚಮಚ, ಅಡುಗೆ ಸೋಡಾ ಅರ್ಧ ಚಮಚ, ವೆನಿಲ್ಲಾ 1 ಚಮಚ. ಮೊಸರು, ಸಕ್ಕರೆ ಕರಗುವ ತನಕ ಕಲಸು. ಅದಕ್ಕೆ ಪೌಡರ್, ಸೋಡಾ ಹಾಕಿ ಐದು ನಿಮಿಷ ಬಿಡು, ಗುಳ್ಳೆ ಏಳುತ್ತೆ. ಆಮೇಲೆ ಎಣ್ಣೆ, ವೆನಿಲ್ಲಾ, ಕೊನೆಗೆ ಜರಡಿ ಹಿಡಿದ ಮೈದಾ. ಮೈದಾ ಹಾಕಿದ ಮೇಲೆ ಜಾಸ್ತಿ ತಿರುವಬೇಡ.

ಕುಕ್ಕರ್‌ನ ಸೀಟಿ, ರಬ್ಬರ್ ಎರಡೂ ತೆಗೆ. ನೀರು ಹಾಕಬಾರದು. ತಳಕ್ಕೆ ಎರಡು ಬೆರಳು ಉಪ್ಪು, ಮೇಲೆ ಸ್ಟ್ಯಾಂಡ್, ಹತ್ತು ನಿಮಿಷ ಖಾಲಿ ಕಾಯಲಿ. ಟಿನ್ ಇಟ್ಟ ಮೇಲೆ ಸಣ್ಣ ಉರಿ, 40ರಿಂದ 50 ನಿಮಿಷ. ಮೊದಲ ಅರ್ಧ ಗಂಟೆ ಮುಚ್ಚಳ ಮುಟ್ಟಲೇಬೇಡ. ಆರಿದ ಮೇಲೆ ಸುತ್ತಿ ರಾತ್ರಿಯಿಡೀ ಫ್ರಿಜ್‌ನಲ್ಲಿಡು. ಕತ್ತರಿಸುವುದು ಮಾರನೇ ದಿನ.

ಸೇಡಂ ರೋಡ್ ಅಮ್ಮ

ಅಕ್ಕಾ ತುಂಬಾ ಥ್ಯಾಂಕ್ಸ್. ಆದರೆ ನನ್ನ ಟಿನ್ ದುಂಡು. ಚೌಕ ಟಿನ್ ತಂದರೂ ಕುಕ್ಕರ್ ಒಳಗೆ ಕೂರಲ್ಲ. ಏನು ಮಾಡಲಿ?

ಯಾದಗಿರಿ ಗಣಿತ ಟೀಚರ್

ಇದಕ್ಕೆ ನಾನು ಉತ್ತರ ಹೇಳುತ್ತೇನೆ, ಮಕ್ಕಳಿಗೆ ಹೇಳಿಕೊಡುವ ಲೆಕ್ಕವೇ. 7 ಇಂಚಿನ ದುಂಡು ಕೇಕಿನಲ್ಲಿ ಹಿಡಿಸುವ ದೊಡ್ಡ ಚೌಕ ಅಂದರೆ ಹೆಚ್ಚು ಕಡಿಮೆ 5 ಇಂಚಿನದು. ಕಾಗದದ ಮೇಲೆ ಟಿನ್ ಇಟ್ಟು ಸುತ್ತ ಗೆರೆ ಎಳೆಯಿರಿ, ಆ ದುಂಡನ್ನು ಎರಡು ಸಲ ಮಡಚಿ, ಮಡಿಕೆಯ ನಾಲ್ಕು ತುದಿ ಸೇರಿಸಿದರೆ ಚೌಕ ಸಿಗುತ್ತೆ. ಕತ್ತರಿಸಿ ಕೇಕಿನ ಮೇಲಿಟ್ಟು ಅದರ ಗುಂಟ ಚಾಕು ಇಳಿಸಿ. ಎರಡು ಕೇಕ್ ಮಾಡಿ ಒಂದರ ಮೇಲೊಂದು ಇಟ್ಟರೆ 5 ಇಂಚಿನ ಚೌಕ ಕೋಟೆ ಆಯಿತು.

ಬದಿಗೆ ಬಿದ್ದ ತುಂಡುಗಳನ್ನು ಎಸೆಯಬೇಡಿ. ಒಂದು ಕೇಕಿಗೆ ನಾಲ್ಕು, ಎರಡಕ್ಕೆ ಎಂಟು ತುಂಡು ಸಿಗುತ್ತವೆ. ಒಂದು ಕಡೆ ನೇರ, ಇನ್ನೊಂದು ಕಡೆ ಬಿಲ್ಲಿನ ಹಾಗೆ, ನಡುವೆ ಸುಮಾರು ಒಂದು ಇಂಚು ಅಗಲ. ಹೊರಗೋಡೆಗೆ ಅವನ್ನೇ ಇಡಬಹುದು.

ಶಹಾಪುರ ಕೇಕ್ ಅಕ್ಕ

ಟೀಚರ್ ಹೇಳಿದ್ದು ಬಹಳ ಚೆನ್ನಾಗಿದೆ, ನನಗೂ ಹೊಳೆದಿರಲಿಲ್ಲ. ಬುರುಜಿಗೆ ನಾನು ಹೇಳುತ್ತೇನೆ. ಅಂಗಡಿಯ ಸ್ವಿಸ್ ರೋಲ್ ನಿಲ್ಲಿಸಬಹುದು, ಆದರೆ ಅದು ಮೆತ್ತಗೆ, ನಿಂತಲ್ಲೇ ವಾಲುತ್ತೆ. ಮನೆಯ ಸ್ಟೀಲ್ ಗಿಲಾಸು ತೆಗೆದುಕೋ, ಒಂದೇ ಅಳತೆಯವು ನಾಲ್ಕು. ಒಳಗೆ ಎಣ್ಣೆ ಸವರಿ ಬಟರ್ ಪೇಪರ್ ಸುತ್ತಿಡು, ಅರ್ಧಕ್ಕಿಂತ ಸ್ವಲ್ಪ ಮೇಲೆ ಹಿಟ್ಟು ತುಂಬು. ಅದೇ ಕುಕ್ಕರ್‌ನಲ್ಲಿ ನಾಲ್ಕೂ ಕೂರುತ್ತವೆ. 30 ನಿಮಿಷಕ್ಕೆ ಕಡ್ಡಿ ಚುಚ್ಚಿ ನೋಡು. ಗಿಲಾಸಿನ ಬಾಯಿ ಅಗಲ, ತಳ ಸಣ್ಣ. ಕವುಚಿ ನಿಲ್ಲಿಸಿದರೆ ಬುಡ ಅಗಲ, ತಲೆ ಸಣ್ಣ. ನಮ್ಮ ಊರುಗಳ ಹುಡೇವು (ಹಳೆ ಕಾವಲು ಬುರುಜು) ನೋಡು, ಹಾಗೇ ಇರುತ್ತೆ, ಅಲ್ವಾ?

ಒಂದು ಎಚ್ಚರಿಕೆ. ಕುಕ್ಕರ್ ಒಂದೇ ಇರುವುದರಿಂದ ಮೂರು ಸಲದ ಹಿಟ್ಟನ್ನು ಒಟ್ಟಿಗೆ ಕಲಸಿಡಬೇಡ. ಮೊಸರಿಗೆ ಸೋಡಾ ಬಿದ್ದ ಕ್ಷಣದಿಂದ ಗಾಳಿ ಹುಟ್ಟುತ್ತೆ, ಕಾಯುತ್ತ ಇಟ್ಟರೆ ಅದೆಲ್ಲ ಹೋಗಿ ಮೂರನೆಯದು ಕಲ್ಲಾಗುತ್ತೆ. ಒಂದು ಇಳಿಸುವ ಹೊತ್ತಿಗೆ ಇನ್ನೊಂದು ಕಲಸು.

ಬೀದರ್ ನಿವೃತ್ತ ಮೇಷ್ಟ್ರು

ಅವ್ವಾ, ಹುಡುಗ ನಮ್ಮ ಕೋಟೆ ನೋಡಿ ಆಸೆಪಟ್ಟಿದ್ದಾನೆ ಅಂತ ಓದಿ ಬಹಳ ಸಂತೋಷವಾಯಿತು. ನನಗೆ ಕೇಕ್ ಮಾಡಲು ಬರಲ್ಲ. ಕೋಟೆ ಮಾತ್ರ ನಲವತ್ತು ವರ್ಷದಿಂದ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದ್ದೇನೆ, ಆದ್ದರಿಂದ ಎರಡು ಮಾತು.

ಪೇಟೆಯ ಕೋಟೆ ಕೇಕಿಗೆ ಐಸ್‌ಕ್ರೀಮ್ ಕೋನ್ ಕವುಚಿ ಚೂಪು ಗೋಪುರ ಮಾಡುತ್ತಾರೆ. ಅದು ಯುರೋಪಿನ ಕೋಟೆ. ಬೀದರ್‌ನಲ್ಲಿ ಚೂಪು ಗೋಪುರ ಇಲ್ಲ. ಬುರುಜಿನ ತಲೆ ಚಪ್ಪಟೆ, ಅಂಚಿನಲ್ಲಿ ತೆನೆ ಸಾಲು, ಅಂದರೆ ನಡುನಡುವೆ ಜಾಗ ಬಿಟ್ಟು ಹಲ್ಲಿನ ಹಾಗೆ ಎದ್ದ ಕಲ್ಲುಗಳು. ಗುಂಬದ್ ದರ್ವಾಜಾದ ಮೇಲೆ ದುಂಡನೆ ಗುಮ್ಮಟ. ಒಳಗೆ ಹೋಗುವಾಗ ಅದಕ್ಕೂ ಮೊದಲು ಸಿಗುವುದು ಶರ್ಜಾ ದರ್ವಾಜಾ, 1503ರದು, ಅದರ ಮೇಲೆ ಎರಡು ಹುಲಿಗಳ ಕೆತ್ತನೆ ಇದೆ. ನಿಮ್ಮ ಹುಡುಗನನ್ನು ಕೇಳಿ ನೋಡಿ, ಹುಲಿ ನೆನಪಿರುತ್ತೆ.

ಎರಡನೆಯದು ಕಂದಕ. ನಮ್ಮ ಕೋಟೆಯ ವಿಶೇಷವೇ ಅದು. ಬಂಡೆಯನ್ನೇ ಕಡಿದು ಮೂರು ಸಾಲು ಕಂದಕ ಮಾಡಿದ್ದಾರೆ, ನಡುನಡುವೆ ಬಂಡೆಯನ್ನೇ ಗೋಡೆಯ ಹಾಗೆ ಉಳಿಸಿದ್ದಾರೆ. ಟೀಚರ್ ಹೇಳಿದ ಎಂಟು ತುಂಡುಗಳನ್ನು ಎರಡು ಸಾಲಾಗಿ ಇಟ್ಟರೆ ಆ ಗೋಡೆಗಳೇ ಆಗುತ್ತವೆ. ಸುತ್ತಲೂ ಬೇಡ, ಮುಂದಿನ ಕಡೆ ಇಟ್ಟರೆ ಸಾಕು.

ಬಣ್ಣ ಕೆಂಪು. ಇಡೀ ಬೀದರ್ ನಿಂತಿರುವುದೇ ಕೆಂಪು ಕಲ್ಲಿನ ಮೇಲೆ, ತೂತು ತೂತಾದ ಒರಟು ಕಲ್ಲು. ಬೂದಿ ಬಣ್ಣದ ಕೋಟೆ ಮಾಡಿದರೆ ಹುಡುಗ ಒಪ್ಪಲಿಕ್ಕಿಲ್ಲ.

ಶಹಾಪುರ ಕೇಕ್ ಅಕ್ಕ

ಸರ್, ನೀವು ಹೇಳಿದ್ದು ಸರಿ, ಆದರೆ ಆರು ವರ್ಷದ ಮಗುವಿಗೆ ಕೋನ್, ಬಾವುಟ, ಬಣ್ಣದ ಮಿಠಾಯಿ ಇದ್ದರೆನೇ ಹಬ್ಬ. ಮೊದಲ ಸಲ ಮಾಡುವವರಿಗೆ ಕೋನ್ ಸುಲಭ ಕೂಡ. ಗುಮ್ಮಟ, ತೆನೆ ಅಂತ ಜಾಸ್ತಿ ಕೆಲಸ ಹೇಳಿ ಅವಳನ್ನು ಗಾಬರಿ ಮಾಡಬೇಡಿ.

ಬೀದರ್ ನಿವೃತ್ತ ಮೇಷ್ಟ್ರು

ಗಾಬರಿ ಮಾಡುವ ಉದ್ದೇಶ ಇಲ್ಲ ತಾಯಿ. ಹುಡುಗನನ್ನೇ ಕೇಳಲಿ.

ಸೇಡಂ ರೋಡ್ ಅಮ್ಮ

ಕೇಳಿದೆ. ಚಿತ್ರ ಬರೆದುಕೊಟ್ಟ. ಕೋನ್ ಇಲ್ಲ. ಗುಮ್ಮಟ ಇದೆ, ಒಂದು ಬುರುಜಿನ ಮೇಲೆ ಕೋಟೆಗಿಂತ ದೊಡ್ಡ ತೋಪು ಇದೆ, ಬಾಗಿಲ ಮೇಲೆ ಎರಡು ಪ್ರಾಣಿ ಇವೆ. ಸರ್, ಹುಲಿ ನಿಜವಾಗಿಯೂ ನೆನಪಿದೆ ಅವನಿಗೆ. ಬೀದರ್ ಕೋಟೆನೇ ಮಾಡುತ್ತೇನೆ.

ಹುಮನಾಬಾದ್ ಬೇಕರಿ

ನಮ್ಮದು ಅಪ್ಪನ ಕಾಲದ ಸಣ್ಣ ಬೇಕರಿ. ಯಾರೂ ಕ್ರೀಮ್ ಬಗ್ಗೆ ಮಾತಾಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಬಿಸಿಲಲ್ಲಿ ನಿಮ್ಮ ಕೋಟೆ ನಿಲ್ಲುವುದೋ ಬೀಳುವುದೋ ಅದರ ಮೇಲೆಯೇ.

ಬೆಣ್ಣೆ ಕ್ರೀಮ್ ಬೇಡ. ಬೆಣ್ಣೆ 32-35 ಡಿಗ್ರಿಗೆ ಕರಗುತ್ತೆ, ನಮ್ಮಲ್ಲಿ ಮೇ ತಿಂಗಳಲ್ಲಿ ಫ್ಯಾನ್ ಕೆಳಗೂ ಅಷ್ಟು ಬಿಸಿ ಇರುತ್ತೆ. ವಿಪ್ ಕ್ರೀಮ್ ಎಸಿ ಕೋಣೆಯಲ್ಲಿ ಸರಿ, ಬಸ್ಸಿನಲ್ಲಿ ಮೂರು ಗಂಟೆ ತಡೆಯಲ್ಲ. ನಿಮಗೆ ಆಗುವುದು ಗನಾಶ್, ಅಂದರೆ ಚಾಕೊಲೇಟ್ ಮತ್ತು ಬಿಸಿ ಕ್ರೀಮ್ ಸೇರಿಸಿದ ಲೇಪ. ಡಾರ್ಕ್ ಕಾಂಪೌಂಡ್ ಚಾಕೊಲೇಟ್ 500 ಗ್ರಾಂ, ಅಡುಗೆಗೆ ಹಾಕುವ ಟೆಟ್ರಾ ಪ್ಯಾಕ್ ಕ್ರೀಮ್ 200 ಮಿಲಿ. ಬೇರೆ ದಿನಗಳಲ್ಲಿ ಕ್ರೀಮ್ ಇನ್ನೂ ಜಾಸ್ತಿ ಹಾಕುತ್ತೇವೆ, ಬೇಸಿಗೆಗೆ ಇಷ್ಟೇ ಸಾಕು. ಕಾಂಪೌಂಡ್‌ನಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ಗಟ್ಟಿ ಕೊಬ್ಬು ಇರುತ್ತೆ, ಅದಕ್ಕೆ ಬಿಸಿಲನ್ನು ಸ್ವಲ್ಪ ಜಾಸ್ತಿ ತಾಳುತ್ತೆ.

ಕ್ರೀಮ್ ಕುದಿಸಬೇಡಿ, ಅಂಚಿನಲ್ಲಿ ಸಣ್ಣ ಗುಳ್ಳೆ ಬಂದರೆ ಇಳಿಸಿ, ಚೂರು ಮಾಡಿದ ಚಾಕೊಲೇಟ್ ಮೇಲೆ ಸುರಿದು ಎರಡು ನಿಮಿಷ ಮುಚ್ಚಿಡಿ. ಆಮೇಲೆ ನಡುವಿನಿಂದ ಹೊರಗೆ ತಿರುವುತ್ತ ಬನ್ನಿ. ಪಾತ್ರೆಯಲ್ಲಿ ಒಂದು ಹನಿ ನೀರೂ ಇರಬಾರದು, ಚಾಕೊಲೇಟ್ ಗಂಟು ಕಟ್ಟುತ್ತೆ.

ಹಚ್ಚುವುದು ಎರಡು ಸಲ. ಮೊದಲು ತೆಳ್ಳಗೆ, ಉದುರುವ ಪುಡಿಯನ್ನೆಲ್ಲ ಹಿಡಿದಿಡಲು. ಅರ್ಧ ಗಂಟೆ ಫ್ರಿಜ್. ಆಮೇಲೆ ಎರಡನೆಯದು.

ಸೇಡಂ ರೋಡ್ ಅಮ್ಮ (ಏಪ್ರಿಲ್ 28)

ನಿನ್ನೆ ಒಂದು ಸಲ ಮಾಡಿ ನೋಡಿದೆ. ನಿಜ ಹೇಳುತ್ತೇನೆ, ರಾತ್ರಿ ಕಣ್ಣಲ್ಲಿ ನೀರು ಬಂತು. ಮೊದಲನೆಯ ಕೇಕ್ ನಡುವೆ ಕುಸಿಯಿತು, 20 ನಿಮಿಷಕ್ಕೇ ಮುಚ್ಚಳ ತೆಗೆದು ನೋಡಿದ್ದೆ. ಎರಡನೆಯದು ಸರಿ ಬಂತು. ಬೇಕರಿ ಅಣ್ಣ ಬರೆದದ್ದನ್ನು ಓದುವ ಮೊದಲೇ ಅಡುಗೆ ಕ್ರೀಮ್ ತಂದಿದ್ದೆ, ಅದನ್ನು ಅರ್ಧ ಗಂಟೆ ಬೀಟ್ ಮಾಡಿದರೂ ಗಟ್ಟಿ ಆಗಲಿಲ್ಲ, ಹಾಲಿನ ಹಾಗೇ ಉಳಿಯಿತು. ಗಿಲಾಸು ಕೇಕ್ ಮಾತ್ರ ಎಷ್ಟು ಚೆಂದ ಬಂದಿದೆ! ಆದರೆ ಮೂಲೆಗೆ ನಿಲ್ಲಿಸಿದರೆ ಒಂದು ಬುರುಜು ಹೊರಗೆ ವಾಲುತ್ತೆ. ಕೆಂಪು ಬಣ್ಣ ಹೇಗೆ ತರಲಿ? ಡಾರ್ಕ್ ಚಾಕೊಲೇಟ್ ಕಪ್ಪಾಗೇ ಕಾಣುತ್ತೆ.

ಹುಮನಾಬಾದ್ ಬೇಕರಿ

ಅಕ್ಕಾ, ಅಳುವಂಥದ್ದು ಏನೂ ಆಗಿಲ್ಲ. ಆ ಅಡುಗೆ ಕ್ರೀಮ್‌ನಲ್ಲಿ ಕೊಬ್ಬು 25% ಆಸುಪಾಸು ಇರುತ್ತೆ. ಗಟ್ಟಿಯಾಗಲು 30ಕ್ಕಿಂತ ಜಾಸ್ತಿ ಬೇಕು. ನಿಮ್ಮ ಕೈ ತಪ್ಪಲ್ಲ. ಗನಾಶ್‌ಗೆ ಅದೇ ಕ್ರೀಮ್ ಸರಿಯಾಗಿದೆ.

ಕೆಂಪಿಗೆ ಒಂದು ಉಪಾಯ. ಹಿಟ್ಟು ಕಲಸುವಾಗಲೇ ಎರಡು ದೊಡ್ಡ ಚಮಚ ಮೈದಾ ತೆಗೆದು ಅಷ್ಟೇ ಕೋಕೋ ಪುಡಿ ಹಾಕಿ, ಜೊತೆಗೆ ಕೆಂಪು ಜೆಲ್ ಬಣ್ಣ. ಕೇಕ್ ಇಟ್ಟಿಗೆ ಬಣ್ಣಕ್ಕೆ ಬರುತ್ತೆ. ಮೇಲಿನ ಉಬ್ಬು ಕತ್ತರಿಸಿ ಸಮ ಮಾಡುತ್ತೀರಲ್ಲ, ಆ ಚೂರುಗಳನ್ನು ಕೈಯಲ್ಲಿ ಪುಡಿ ಮಾಡಿ ತವೆಯ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಆಡಿಸಿ, ತೇವ ಹೋಗಲಿ. ಎರಡನೇ ಸಲ ಗನಾಶ್ ಹಚ್ಚಿ ಇನ್ನೂ ಅಂಟಂಟು ಇರುವಾಗ ಆ ಪುಡಿಯನ್ನು ಅಂಗೈಯಲ್ಲಿ ತೆಗೆದುಕೊಂಡು ಗೋಡೆಗೆ ಒತ್ತಿ. ಒರಟು ಒರಟಾಗಿ, ನಡುವೆ ಕಪ್ಪು ತೂತು ಕಾಣುವ ಹಾಗೆ ಕೂರುತ್ತೆ. ಮೇಷ್ಟ್ರು ಹೇಳಿದ ಕಲ್ಲೇ. ಗನಾಶ್ ನುಣ್ಣಗೆ ಬರಬೇಕು ಅನ್ನುವ ಚಿಂತೆಯೂ ತಪ್ಪುತ್ತೆ.

ಶಹಾಪುರ ಕೇಕ್ ಅಕ್ಕ

ವಾಲುವುದಕ್ಕೆ ಕಾರಣ ಬುಡ ಸಮ ಇಲ್ಲ. ಗಿಲಾಸಿನ ಬಾಯಿ ಕಡೆ ಉಬ್ಬಿರುತ್ತೆ, ಅದನ್ನು ನೇರ ಕತ್ತರಿಸು. ಮತ್ತೆ ಚೌಕದ ನಾಲ್ಕು ಮೂಲೆಯಲ್ಲಿ ಬುರುಜು ಕೂರುವಷ್ಟು ಕಚ್ಚು ತೆಗೆ, ಗೋಡೆಗೆ ಅಂಟಿ ನಿಲ್ಲಲಿ. ನಡುವೆ ಗನಾಶ್ ಹಚ್ಚು, ತಣ್ಣಗಾದರೆ ಸಿಮೆಂಟು. ಗೋಡೆಗಿಂತ ಬುರುಜು ಒಂದು ಬೆರಳು ಎತ್ತರ ಇದ್ದರೆ ಸಾಕು, ಅದಕ್ಕೆ ತಕ್ಕ ಹಾಗೆ ಚೌಕವನ್ನು ತೆಳ್ಳಗೆ ಮಾಡಿಕೋ.

ಟೂತ್‌ಪಿಕ್ ಮಾತ್ರ ಬೇಡ ತಂಗಿ. 15 ಮಕ್ಕಳು ತಿನ್ನುವ ಕೇಕ್. ಒಳಗೆ ಒಂದು ಕಡ್ಡಿ ಉಳಿದರೂ ಗಂಟಲಿಗೆ ಚುಚ್ಚುತ್ತೆ. ಬುರುಜಿಗೆ ಆಸರೆ ಬೇಕಾದರೆ ವೇಫರ್ ರೋಲ್ ಚುಚ್ಚು, ತಿನ್ನುವಂಥದ್ದೇ. ಇದರಲ್ಲಿ ನಾನು ಯಾರ ಮಾತೂ ಕೇಳಲ್ಲ.

ಸರ್ ಹೇಳಿದ ಗುಮ್ಮಟಕ್ಕೆ, ಗಿಲಾಸಿಗೆ ಹಾಕಿ ಉಳಿದ ಹಿಟ್ಟನ್ನು ಪಾಯಸದ ಬಟ್ಟಲಲ್ಲಿ ಬೇಯಿಸಿ ಕವುಚು. ನೀವು ಹೇಳಿದ್ದು ಇಷ್ಟು ಸುಲಭ ಇದೆ ಅಂತ ನನಗೆ ಆಗ ಗೊತ್ತಾಗಲಿಲ್ಲ ಸರ್.

ಯಾದಗಿರಿ ಗಣಿತ ಟೀಚರ್

ತೆನೆಗೆ ಚಾಕೊಲೇಟ್ ಬಾರ್‌ನ ಚೌಕಗಳು. ಒಂದು ಇಟ್ಟು ಒಂದರಷ್ಟು ಜಾಗ ಬಿಡಿ. ಬಾಗಿಲಿಗೆ ಬೌರ್ಬನ್ ಬಿಸ್ಕತ್ತು ನಿಲ್ಲಿಸಿ. ತೋಪಿಗೆ ವೇಫರ್ ರೋಲ್. ಅಡಿಗೆ ತಟ್ಟೆ ದೊಡ್ಡದು ಬೇಕು, ಕೋಟೆ ಮತ್ತು ಕಂದಕ ಸೇರಿ 14 ಇಂಚು ಹಿಡಿಯುತ್ತೆ. ಮನೆಯಲ್ಲಿ ಪರಾತ ಇದ್ದರೆ ಬೋರಲು ಹಾಕಿ ಫಾಯಿಲ್ ಸುತ್ತಿ, ಗಟ್ಟಿ ಇರುತ್ತೆ.

ಬೀದರ್ ನಿವೃತ್ತ ಮೇಷ್ಟ್ರು

ತೋಪನ್ನು ಮೂಲೆಯ ಬುರುಜಿನ ಮೇಲೆ ಇಡಿ, ಮೂತಿ ಹೊರಗಿರಲಿ. ನಮ್ಮಲ್ಲಿ ಮುಂಡಾ ಬುರುಜಿನ ಮೇಲೆ ಹಾಗೇ ಇದೆ. ನಿಮ್ಮ ಕಲಬುರಗಿ ಕೋಟೆಯಲ್ಲೂ ಬಾರಾ ಗಜಿ ತೋಪು ಇದೆ, 29 ಅಡಿ ಉದ್ದ. ಹುಡುಗನಿಗೆ ಅದನ್ನೂ ತೋರಿಸಿ. ಕಲಬುರಗಿಯಲ್ಲಿದ್ದ ಬಹಮನಿ ರಾಜಧಾನಿಯನ್ನು ಅಹ್ಮದ್ ಷಾ ವಲಿ ಬೀದರ್‌ಗೆ ತಂದದ್ದು 15ನೇ ಶತಮಾನದಲ್ಲಿ. ಈಗ ನಿಮ್ಮ ಕೋಟೆಯೂ ಅದೇ ದಾರಿಯಲ್ಲಿ ಬರುತ್ತಿದೆ, ಬರುವ ದಿನ ನನಗೂ ಒಂದು ಫೋಟೋ ಹಾಕಿ.

ಸೇಡಂ ರೋಡ್ ಅಮ್ಮ (ಮೇ 11)

ಎರಡನೇ ಸಲ ಮಾಡಿದೆ, ನಿಂತಿತು! ಕೆಂಪು ಪುಡಿ ಒತ್ತಿದ ಮೇಲೆ ನನ್ನ ಯಜಮಾನರು ಹತ್ತಿರ ಬಂದು ಬೆರಳಲ್ಲಿ ಮುಟ್ಟಿ ನೋಡಿದರು. ಈಗ ಉಳಿದ ಚಿಂತೆ ಒಂದೇ, ಬಸ್. ನಿಲ್ಲಿಸಿದ ಕೋಟೆಯನ್ನು ತೊಡೆ ಮೇಲೆ ಇಟ್ಟುಕೊಂಡು ಹೋದರೆ ಆಗುತ್ತಾ?

ಹುಮನಾಬಾದ್ ಬೇಕರಿ

ಬೇಡ ಅಕ್ಕಾ. ಕಟ್ಟಿದ ಕೋಟೆ ಬಸ್ಸಿನ ಕುಲುಕಾಟಕ್ಕೆ ಬಿರುಕು ಬಿಡುತ್ತೆ. ಬಿಡಿ ಬಿಡಿಯಾಗಿ ತನ್ನಿ, ಅಲ್ಲಿ ಕಟ್ಟಿ. ಹಿಂದಿನ ದಿನ ಚೌಕಕ್ಕೆ, ಬುರುಜುಗಳಿಗೆ, ಗುಮ್ಮಟಕ್ಕೆ ಬೇರೆ ಬೇರೆಯಾಗಿ ಮೊದಲ ತೆಳು ಗನಾಶ್ ಹಚ್ಚಿ ಫ್ರಿಜ್‌ನಲ್ಲಿ ಗಟ್ಟಿ ಮಾಡಿ. ಥರ್ಮಾಕೋಲ್ ಡಬ್ಬಿ ತನ್ನಿ. ಎರಡು ನೀರಿನ ಬಾಟಲಿ ರಾತ್ರಿಯೇ ಮಂಜುಗಡ್ಡೆ ಮಾಡಿ, ಬಟ್ಟೆಯಲ್ಲಿ ಸುತ್ತಿ ಬದಿಗಿಡಿ. ಸುತ್ತದೆ ಇಟ್ಟರೆ ಬೆವರಿ ಕೇಕ್ ಒದ್ದೆಯಾಗುತ್ತೆ. ಉಳಿದ ಗನಾಶ್ ಸ್ಟೀಲ್ ಡಬ್ಬಿಯಲ್ಲಿ, ಕೆಂಪು ಪುಡಿ ಬೇರೆ ಡಬ್ಬಿಯಲ್ಲಿ. ಬೆಳಗಿನ ಮೊದಲ ಬಸ್ ಹಿಡಿಯಿರಿ, ಡಬ್ಬಿ ಕಾಲ ಹತ್ತಿರ ಸಮವಾಗಿ ಇರಲಿ, ಮೇಲಿನ ಕ್ಯಾರಿಯರ್‌ನಲ್ಲಿ ಬೇಡ.

ಬಸ್ ಹುಮನಾಬಾದ್‌ನಲ್ಲಿ ನಿಲ್ಲುತ್ತೆ. ನಮ್ಮ ಅಂಗಡಿ ನಿಲ್ದಾಣದ ಹತ್ತಿರವೇ. ಹೊರಟಾಗ ಇಲ್ಲಿ ಒಂದು ಸಾಲು ಬರೆಯಿರಿ, ಹೊಸ ಐಸ್ ಬಾಟಲಿ ಹಿಡಿದು ನಿಂತಿರುತ್ತೇನೆ.

ಸೇಡಂ ರೋಡ್ ಅಮ್ಮ (ಮೇ 19)

ಎಲ್ಲ ಹೇಳುತ್ತೇನೆ, ಸಮಾಧಾನವಾಗಿ ಓದಿ.

ಬೆಳಗ್ಗೆ ಐದೂವರೆಗೆ ಹೊರಟೆವು. ಕಮಲಾಪುರದ ತನಕ ತಂಪು ಗಾಳಿ ಇತ್ತು. ಹುಮನಾಬಾದ್‌ನಲ್ಲಿ ಬೇಕರಿ ಅಣ್ಣ ನಿಜವಾಗಿಯೂ ಬಾಟಲಿ ಹಿಡಿದು ನಿಂತಿದ್ದರು, ಕಿಟಕಿಯಿಂದಲೇ ಬದಲಿಸಿ ಕೊಟ್ಟರು, ಮಗನ ಕೈಗೆ ಒಂದು ಪೊಟ್ಟಣ ಖಾರಿ ಬಿಸ್ಕತ್ತು ಕೂಡ. ದುಡ್ಡು ತೆಗೆದುಕೊಳ್ಳಲಿಲ್ಲ. ಅಣ್ಣಾ, ಇದನ್ನು ನಾನು ಮರೆಯಲ್ಲ.

ಬೀದರ್ ಮುಟ್ಟಿದಾಗ ಒಂದು ಬುರುಜಿನ ಅಂಚು ಸ್ವಲ್ಪ ಒಡೆದಿತ್ತು, ಗನಾಶ್ ಹಾಕಿ ಮೆತ್ತಿದೆ. ಕರೆಂಟ್ ಹನ್ನೊಂದಕ್ಕೆ ಹೋಯಿತು, ಒಂದೂವರೆ ಗಂಟೆ ಬರಲಿಲ್ಲ. ಫ್ರಿಜ್ ಬಾಗಿಲು ಯಾರೂ ತೆಗೆಯದ ಹಾಗೆ ಅತ್ತೆ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಸಂಜೆ ನಾಲ್ಕಕ್ಕೆ ಕಟ್ಟಲು ಶುರು ಮಾಡಿದೆವು. ಅತ್ತೆ ಪುಡಿ ಒತ್ತಿದರು, ಮಗ ತೆನೆ ಇಟ್ಟ, ಒಂದು ಇಟ್ಟು ಒಂದು ತಿಂದ. ಕಂದಕಕ್ಕೆ ನೀರು ಬೇಕು ಅಂದ. ನೀಲಿ ಜೆಲ್ಲಿ ಇರಲಿಲ್ಲ, ಅವನ ಮಾವ ನಿಂಬೆಹುಳಿ ಪೆಪ್ಪರ್‌ಮಿಂಟ್ ಪುಡಿ ಮಾಡಿ ಹರಡಿದರು, ಬೆಳಕಿಗೆ ಹೊಳೆಯಿತು. ಹುಲಿಗಳು ಮಾತ್ರ ನನಗೆ ಬರಲಿಲ್ಲ. ಅವನೇ ಕಾಗದದಲ್ಲಿ ಬರೆದು ಕತ್ತರಿಸಿ ಬೌರ್ಬನ್ ಬಾಗಿಲ ಮೇಲೆ ಆನಿಸಿದ, ಕತ್ತರಿಸುವ ಮೊದಲು ತೆಗೆದಿಟ್ಟೆ.

ದೀಪ ಹಚ್ಚಿದಾಗ ಮಕ್ಕಳೆಲ್ಲ "ನಮ್ಮ ಕೋಟೆ, ನಮ್ಮ ಕೋಟೆ" ಅಂತ ಕೂಗಿದರು. ಬೀದರ್ ಮಕ್ಕಳಲ್ವಾ. ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟು ಸುಮ್ನೆ ನಿಂತಿದ್ದರು. ಫೋಟೋ ಕೆಳಗೆ ಹಾಕಿದ್ದೇನೆ ಸರ್, ಮೂರು ಕಂದಕ ಎಣಿಸಿ ನೋಡಿ.

ಬೀದರ್ ನಿವೃತ್ತ ಮೇಷ್ಟ್ರು

ಎಣಿಸಿದೆ ಅವ್ವಾ. ಮೂರೂ ಇವೆ. ತೋಪಿನ ಮೂತಿಯೂ ಹೊರಗಿದೆ. ಹುಡುಗನಿಗೆ ನನ್ನ ಆಶೀರ್ವಾದ. ಮುಂದಿನ ರಜೆಗೆ ಬಂದಾಗ ಹೇಳಿ, ನಾನೇ ಕರೆದುಕೊಂಡು ಹೋಗಿ ಕೋಟೆಯೊಳಗಿನ ರಂಗೀನ್ ಮಹಲ್ ಅರಮನೆ ತೋರಿಸುತ್ತೇನೆ.

ಸುರಪುರ ಹೊಸಬಳು

ಈಗಷ್ಟೇ ಎಲ್ಲ ಓದಿದೆ. ನನ್ನ ಮಗಳಿಗೆ ಜೂನ್‌ನಲ್ಲಿ ಹುಟ್ಟುಹಬ್ಬ. ಗಿಲಾಸಿನಿಂದ ಕೇಕ್ ಒಡೆಯದೆ ಹೇಗೆ ತೆಗೆದಿರಿ? ನನ್ನದು ಎರಡು ಸಲವೂ ಅರ್ಧಕ್ಕೆ ಮುರಿಯಿತು.

ಸೇಡಂ ರೋಡ್ ಅಮ್ಮ

ಬಟರ್ ಪೇಪರನ್ನು ಗಿಲಾಸಿನ ಬಾಯಿಗಿಂತ ಎರಡು ಬೆರಳು ಮೇಲೆ ಬಿಡಿ, ತಳಕ್ಕೂ ಒಂದು ದುಂಡು ತುಂಡು ಹಾಕಿ. ಇಳಿಸಿದ ತಕ್ಷಣ ತೆಗೆಯಬೇಡಿ, 15 ನಿಮಿಷ ಆರಲಿ. ಆಮೇಲೆ ಪೇಪರ್ ಹಿಡಿದು ಮೆಲ್ಲಗೆ ತಿರುಗಿಸುತ್ತ ಮೇಲೆ ಎಳೆಯಿರಿ. ನನ್ನದೂ ಮೊದಲ ಸಲ ಒಂದು ಮುರಿದಿತ್ತು. ಮಾಡಿ ನೋಡಿ, ಏನಾಯಿತು ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.